ಆಗಸ್ಟ್‌ನಲ್ಲಿ ಯಾವ ಕಡೆ ಕಡಲು?

ರಜೆ ಸಿಕ್ಕಿದ್ದು ಆಗಸ್ಟ್‌ನಲ್ಲಿ, ಅದೂ ಮನೆಯವ್ರೆಲ್ಲರಿಗೂ ಒಟ್ಟಿಗೆ, ಹಾಗಾಗಿ ಮೈದುನ ಭಾನುವಾರ ಬೆಳಿಗ್ಗೆನೇ ಲ್ಯಾಪ್‌ಟಾಪ್ ತೆಗ್ದು ಕೂತುಬಿಟ್ಟ. "ಅತ್ತಿಗೆ, ಫುಕೆಟ್ ಹೋಟೆಲ್ ನೋಡಿ, ಅರ್ಧ ರೇಟಿಗೆ ಕೊಡ್ತಿದಾರೆ, ಈಗ್ಲೇ ಬುಕ್ ಮಾಡ್ಬಿಡೋಣ." ಅರ್ಧ ರೇಟು ಅಂದ ತಕ್ಷಣ ನಂಗೆ ಡೌಟು. ಯಾರೂ ಸುಮ್ಸುಮ್ನೆ ಅರ್ಧಕ್ಕೆ ಕೊಡಲ್ಲ ಕಣೋ, ಕಾರಣ ಏನು ಅಂತ ನೋಡೋಣ ಇರು ಅಂದೆ. ಆ ಕಾರಣ ಹುಡುಕ್ತಾ ಹುಡುಕ್ತಾ ಇಡೀ ದಿನ ಹೋಯ್ತು.

ಮ್ಯಾಪ್ ದೊಡ್ಡದು ಮಾಡಿ ನೋಡಿದ್ರೆ ಅರ್ಧ ಉತ್ತರ ಅಲ್ಲೇ ಇದೆ. ಫುಕೆಟ್ ಇರೋದು ಮಲಯ ಪರ್ಯಾಯ ದ್ವೀಪದ ಪಶ್ಚಿಮ ಕಡೆ. ಈ ಪರ್ಯಾಯ ದ್ವೀಪ ಅಂದ್ರೆ ಮೇಲ್ಗಡೆ ಮ್ಯಾನ್ಮಾರ್, ಥಾಯ್ಲೆಂಡು, ಕೆಳಗಡೆ ಮಲೇಷ್ಯಾ, ಉದ್ದಕ್ಕೆ ಇಳ್ದಿರೋ ಸಣ್ಣ ಪಟ್ಟಿ. ಕ್ರಾ ಅನ್ನೋ ಜಾಗದಲ್ಲಂತೂ ಈ ಸಮುದ್ರಕ್ಕೂ ಆ ಸಮುದ್ರಕ್ಕೂ ಮಧ್ಯೆ ಸುಮಾರು 44 ಕಿಲೋಮೀಟರ್ ಅಷ್ಟೇ. ಪಶ್ಚಿಮಕ್ಕೆ ಅಂಡಮಾನ್ ಸಮುದ್ರ, ಪೂರ್ವಕ್ಕೆ ಥಾಯ್ಲೆಂಡ್ ಕೊಲ್ಲಿ, ಇನ್ನೂ ಕೆಳಗೆ ಹೋದ್ರೆ ದಕ್ಷಿಣ ಚೀನಾ ಸಮುದ್ರ, ನಡುವೆ ಬೆಟ್ಟಗಳ ಸಾಲು. ಮೇ ಇಂದ ಅಕ್ಟೋಬರ್ ತನಕ ಮುಂಗಾರು ಗಾಳಿ ಅಂಡಮಾನ್ ಕಡೆಯಿಂದ ಬಂದು ಪಶ್ಚಿಮದ ದಡಕ್ಕೆ ಹೊಡಿಯುತ್ತೆ, ಮಳೆ, ದೊಡ್ಡ ಅಲೆ ಎಲ್ಲ ಫುಕೆಟ್, ಕ್ರಾಬಿ ಕಡೆಗೇ. ಬೀಚಲ್ಲಿ ಕೆಂಪು ಬಾವುಟ ನೆಟ್ಟಿದ್ರೆ ನೀರಿಗೆ ಇಳಿಯಂಗಿಲ್ಲ, ದಡದಿಂದ ಒಳಕ್ಕೆ ಎಳ್ಕೊಂಡು ಹೋಗೋ ಸೆಳೆತ ಇರುತ್ತೆ, ಈಜು ಬರೋರೂ ಅದರಲ್ಲಿ ಸಿಕ್ಕಾಕೊಂಡು ಸತ್ತಿದಾರೆ. ಅರ್ಧ ರೇಟು ಅದಕ್ಕೇ.

ಮೈದುನ ಬಿಡೋ ಪೈಕಿ ಅಲ್ಲ. ಅವನ ಲಿಸ್ಟಲ್ಲಿ ಮೊದ್ಲನೇ ಹೆಸರು ಮಾಯಾ ಬೇ, ಎರಡನೇದು ಸಿಮಿಲಾನ್ ದ್ವೀಪಗಳು, ಎರಡೂ ಆ ಪಶ್ಚಿಮದ ಕಡೆಯವೇ. ಸಿಮಿಲಾನ್ ಪ್ರತಿ ವರ್ಷ ಮೇ ಮಧ್ಯದಿಂದ ಅಕ್ಟೋಬರ್ ಮಧ್ಯದವರೆಗೆ ಮುಚ್ಚಿರುತ್ತೆ. ಮಾಯಾ ಬೇನ ಜನ ತುಳಿದೂ ತುಳಿದೂ ಹವಳ ಹಾಳಾಯ್ತು ಅಂತ 2018ರ ಜೂನಲ್ಲಿ ಮುಚ್ಚಿ, ಮತ್ತೆ ತೆಗೆದಿದ್ದು 2022ರ ಜನವರೀಲಿ, ಅದಾದ್ಮೇಲೂ ಆಗಸ್ಟ್, ಸೆಪ್ಟೆಂಬರ್ ಎರಡು ತಿಂಗಳು ರೆಸ್ಟ್ ಅಂತ ಬಂದ್ ಮಾಡ್ತಾರೆ. ಅಂದ್ರೆ ಅಷ್ಟು ದುಡ್ಡು ಕೊಟ್ಟು ಹೋಗಿ ಹೋಟೆಲ್ ರೂಮಲ್ಲಿ ಕೂತು ಮಳೆ ನೋಡ್ಬೇಕು. ಮಳೆ ನೋಡೋದೂ ಚೆನ್ನಾಗೇ ಇರುತ್ತೆ ಬಿಡಿ, ಆದ್ರೆ ಅದಕ್ಕೆ ಪಾಸ್‌ಪೋರ್ಟ್ ಬೇಕಾ?

ನಮ್ಮವ್ರು ಅಷ್ಟೊತ್ತೂ ಪೇಪರ್ ಓದ್ತಿದ್ದೋರು "ಹಾಗಾದ್ರೆ ಬೆಟ್ಟದ ಆ ಕಡೆ ಹೋಗೋಣ" ಅಂದ್ರು. ಅವ್ರ ತಲೇಲಿ ಇದ್ದಿದ್ದು ಬೀಚಲ್ಲ, ರೈಲು. ಬ್ಯಾಂಕಾಕಿಂದ ರೈಲಲ್ಲಿ ಗಡೀಲಿರೋ ಪಡಾಂಗ್ ಬೆಸಾರ್ ತನಕ ಇಳಿದು, ಅಲ್ಲಿ ಒಂದೇ ಸ್ಟೇಷನ್ನಲ್ಲಿ ಎರಡೂ ದೇಶದ ಇಮಿಗ್ರೇಷನ್ ಮುಗಿಸಿ, ಮಲೇಷ್ಯಾದ ಎಲೆಕ್ಟ್ರಿಕ್ ಟ್ರೈನ್ ಹತ್ತೋದು, ಗಡಿ ದಾಟಿದ್ರೆ ಗಡಿಯಾರ ಒಂದು ಗಂಟೆ ಮುಂದಕ್ಕೆ ತಿರುಗಿಸ್ಬೇಕು, ಇದನ್ನೆಲ್ಲ ಹೇಳ್ತಾ ಹೇಳ್ತಾ ಅವ್ರ ಮುಖದ ಮೇಲೆ ಬಂದ ಕಳೆ ನಮ್ಮ ಮದುವೆ ಫೋಟೋದಲ್ಲೂ ಇಲ್ಲ. ಅಲ್ಲಿಂದ ಪೂರ್ವ ಕರಾವಳಿಗೆ ಹೋದ್ರೆ ಪೆರ್ಹೆಂಟಿಯನ್, ರೆಡಾಂಗ್, ಕೆಳಗೆ ಟಿಯೋಮನ್. ಆ ದ್ವೀಪಗಳಿಗೆ ಆಗಸ್ಟ್ ಅಂದ್ರೆ ಒಳ್ಳೆ ಸೀಸನ್ನು, ನೀರು ತಿಳಿಯಾಗಿರುತ್ತೆ, ಹಸಿರು ಆಮೆಗಳು ಮೊಟ್ಟೆ ಇಡೋಕೆ ದಡಕ್ಕೆ ಬರ್ತವೆ. ನವೆಂಬರ್ ಬಂದು ಹಿಂಗಾರು ಶುರುವಾಯ್ತು ಅಂದ್ರೆ ರೆಸಾರ್ಟುಗಳು ಹೆಚ್ಚಿನವು ಬಾಗಿಲು ಹಾಕ್ಕೊಂಡು ಫೆಬ್ರವರಿ ತನಕ ತೆಗೆಯಲ್ಲ, ದೋಣಿಗಳೂ ಸರಿಯಾಗಿ ಓಡಲ್ಲ. ಒಂದೇ ಪಟ್ಟಿ ನೆಲ, ಈ ಕಡೆ ಸೀಸನ್ ಆದಾಗ ಆ ಕಡೆ ಬಂದ್, ಆ ಕಡೆ ಸೀಸನ್ ಆದಾಗ ಈ ಕಡೆ ಬಂದ್. "ಯಾವ ಬೀಚ್ ಚೆನ್ನಾಗಿದೆ" ಅಂತ ಕೇಳ್ಕೊಂಡು ಎಷ್ಟು ವಿಡಿಯೋ ನೋಡಿದ್ರೂ ಉಪಯೋಗ ಇಲ್ಲ ಅನ್ನಿಸ್ತು ನಂಗೆ, ಮೊದ್ಲು ಕೇಳ್ಬೇಕಾಗಿರೋದು ಯಾವ ತಿಂಗಳು ಅಂತ.

ಪೆರ್ಹೆಂಟಿಯನ್‌ಗೆ ಎಲ್ಲರೂ ಒಪ್ಪಿದ್ವಿ. ಕ್ವಾಲಾ ಬೆಸುತ್ ಜೆಟ್ಟಿಯಿಂದ ಸ್ಪೀಡ್‌ಬೋಟು, ದ್ವೀಪದಲ್ಲಿ ಎಟಿಎಂ ಇಲ್ಲ, ಅದಕ್ಕೆ ರಿಂಗಿಟ್, ಅಂದ್ರೆ ಮಲೇಷ್ಯಾದ ದುಡ್ಡು, ಕ್ಯಾಶ್ ಇಟ್ಕೋಬೇಕು ಅಂತೆಲ್ಲ ಬರ್ಕೊಂಡೂ ಆಯ್ತು. ಆಮೇಲೆ ನಮ್ಮತ್ತೆಗೆ ಆ ಸ್ಪೀಡ್‌ಬೋಟಿನ ವಿಡಿಯೋ ತೋರಿಸಿದ್ವಿ. ಅಲೆ ಮೇಲೆ ದಬ್ ದಬ್ ಅಂತ ಎಗರ್ತಾ ಹೋಗ್ತಿದೆ. ಅವ್ರು ಕನ್ನಡಕ ತೆಗ್ದು ಪಕ್ಕಕ್ಕಿಟ್ಟು "ನನ್ನ ಸೊಂಟ ಇನ್ನೂ ನಾಲ್ಕು ವರ್ಷ ಬೇಕಪ್ಪ ನಂಗೆ, ನೀವು ಹೋಗ್ಬನ್ನಿ" ಅಂದ್ರು. ಅವ್ರನ್ನ ಬಿಟ್ಟು ಹೋಗೋ ಮಾತೇ ಇಲ್ಲ, ಈ ಟ್ರಿಪ್ಪಿಗೆ ಅರ್ಧ ದುಡ್ಡು ಅವ್ರ ಪೆನ್ಷನ್ನಿಂದ ಬರೋದು.

ಹಾಗಾದ್ರೆ ಪೂರ್ವದ ಕಡೆ, ಆದ್ರೆ ದೋಣಿ ಇಲ್ದೇ ಹೋಗೋ ಬೀಚು. ಹಾಗೆ ಸಿಕ್ಕಿದ್ದು ಖನೋಮ್, ಥಾಯ್ಲೆಂಡಿನ ನಖೋನ್ ಸಿ ಥಮ್ಮರಾತ್ ಪ್ರಾಂತ್ಯದಲ್ಲಿ, ದ್ವೀಪ ಅಲ್ಲ, ಪರ್ಯಾಯ ದ್ವೀಪದ ನೆಲದ ಮೇಲೇ ಇರೋ ಉದ್ದನೆ ಬೀಚು, ಕಾರಲ್ಲೇ ಹೋಗ್ಬೋದು. ಅಲ್ಲಿನ ಸಮುದ್ರದಲ್ಲಿ ಗುಲಾಬಿ ಬಣ್ಣದ ಡಾಲ್ಫಿನ್ ಇದಾವೆ. ಕೊಲ್ಲಿಯ ಆ ಭಾಗಕ್ಕೆ ಜೋರು ಮಳೆ ಅಂದ್ರೆ ಅಕ್ಟೋಬರ್ ಮೇಲೆ, ನವೆಂಬರಂತೂ ಕೇಳೋದೇ ಬೇಡ, ಆಗಸ್ಟ್‌ನಲ್ಲಿ ಅಲ್ಲೊಂದು ಇಲ್ಲೊಂದು ಮಳೆ ಬಂದು ಹೋಗುತ್ತೆ ಅಷ್ಟೇ. ಅತ್ತೆ ಕೇಳಿದ್ದು ಒಂದೇ, ಅಲ್ಲಿ ದೇವಸ್ಥಾನ ಇದ್ಯಾ ಅಂತ. ನಖೋನ್ ಊರಲ್ಲಿ ಮಹಾಧಾತು ಅಂತ ದೊಡ್ಡ ಬೌದ್ಧ ಸ್ತೂಪ ಇದೆ, ಜೊತೆಗೆ ಈಶ್ವರನ ಗುಡಿ, ರಸ್ತೆ ಆಚೆ ನಾರಾಯಣನ ಗುಡಿ, ಎದುರುಬದುರು. "ಹೌದಾ? ಅಷ್ಟು ದೂರದಲ್ಲೂ ಹರಿಹರ ಇಬ್ರೂ ಇದಾರಾ?" ಅಂದ್ರು, ಅಷ್ಟೊತ್ತಿಗೆ ಅವ್ರಿಗೆ ಸೊಂಟನೇ ಮರ್ತೋಗಿತ್ತು.

ಮೈದುನನ ಮುಖ ಊದ್ಕೊಂಡಿತ್ತು, ಡಾಲ್ಫಿನ್ ನೋಡೋಕೆ ಬಂದ್ನಾ ನಾನು ಅಂತ. ಖನೋಮ್ ಹತ್ರನೇ ಡೋನ್ ಸಾಕ್ ಬಂದರು, ಅಲ್ಲಿಂದ ಸಮುಯಿ ದ್ವೀಪಕ್ಕೆ ಕಾರು ಲಾರಿ ಎಲ್ಲ ಹೊತ್ಕೊಂಡು ಹೋಗೋ ದೊಡ್ಡ ಫೆರಿ, ಸುಮಾರು ಒಂದೂವರೆ ಗಂಟೆ, ಎಗರಲ್ಲ. ಕೊನೆಗೆ ಎರಡು ರಾತ್ರಿ ಸಮುಯಿ ಸೇರಿಸಿದ್ವಿ. ಅಲ್ಲಿಂದ ಅಂಗ್ ಥೋಂಗ್ ಮರೈನ್ ಪಾರ್ಕಿಗೆ ಹೋಗ್ತೀನಿ ಅಂತ ಅವ್ನು ಸನ್‌ಸ್ಕ್ರೀನ್ ಆರ್ಡರ್ ಮಾಡೋಕೆ ಹೋದ, ನಾನು ತಡೆದೆ. ಥಾಯ್ಲೆಂಡಿನ ನ್ಯಾಷನಲ್ ಪಾರ್ಕುಗಳಲ್ಲಿ ಆಕ್ಸಿಬೆಂಜೋನ್, ಆಕ್ಟಿನಾಕ್ಸೇಟ್ ಥರದ ಕೆಮಿಕಲ್ ಇರೋ ಸನ್‌ಸ್ಕ್ರೀನ್ 2021ರಿಂದ ಬ್ಯಾನು, ಹವಳಕ್ಕೆ ಹಾನಿ ಅಂತ, ದಂಡ ಒಂದು ಲಕ್ಷ ಬಾತ್ ತನಕ ಹಾಕ್ಬೋದು. ಕೊಲ್ಲಿ ಕಡೆ ಬಾಕ್ಸ್ ಜೆಲ್ಲಿಫಿಶ್ ಅನ್ನೋ ವಿಷದ ಲೋಳೆಮೀನಿನ ಕಾಟನೂ ಇದೆ, ಅದಕ್ಕೇ ಅಲ್ಲಿನ ಎಷ್ಟೋ ಬೀಚಲ್ಲಿ ವಿನೆಗರ್ ಬಾಟಲಿ ಇಟ್ಟಿರ್ತಾರೆ, ಕುಟುಕಿದ್ರೆ ಸಿಹಿನೀರು ಹಾಕ್ದೇ ವಿನೆಗರ್ ಸುರೀಬೇಕು. ಇದನ್ನ ಅತ್ತೆ ಎದುರಿಗೆ ಹೇಳ್ಲಿಲ್ಲ.

ರಾತ್ರಿ ಊಟದ ಹೊತ್ತಿಗೆ ಟಿಕೆಟ್, ರೂಮು ಎರಡೂ ಆಯ್ತು. ಇನ್ನು ಥಾಯ್ಲೆಂಡಿನ ಡಿಜಿಟಲ್ ಅರೈವಲ್ ಕಾರ್ಡ್ ಬಾಕಿ, 2025ರ ಮೇ ಇಂದ ಅದು ಕಡ್ಡಾಯ, ಇಳಿಯೋ ಮುಂಚಿನ ಮೂರು ದಿನದೊಳಗೆ ಆನ್‌ಲೈನಲ್ಲಿ ತುಂಬ್ಬೇಕು, ಸರ್ಕಾರಿ ಸೈಟಲ್ಲಿ ಫ್ರೀ, ದುಡ್ಡು ಕೇಳಿದ್ರೆ ಅದು ಬೇರೆ ಯಾರದ್ದೋ ಸೈಟು ಅಂತ ತಿಳ್ಕೊಳ್ಳಿ. ಅದರ ಜೊತೆ ಅತ್ತೆ ಪಾಸ್‌ಪೋರ್ಟಲ್ಲಿ ಇನಿಷಿಯಲ್ ಬಿಡಿಸಿ ಬರೆದಿದಾರೆ, ಟಿಕೆಟಲ್ಲಿ ಬರೀ ಅಕ್ಷರ ಬಂದಿದೆ, ನಾಳೆ ಟಿಕೆಟ್ ಕೊಟ್ಟೋರಿಗೆ ಫೋನ್ ಮಾಡಿ ಸರಿ ಮಾಡಿಸ್ಬೇಕು. ಆ ಕೆಲಸ ಮೈದುನಂಗೇ ಹಚ್ಚಿದೀನಿ.