ನಾಕ್ಸ್‌ವಿಲ್‌ನಲ್ಲಿ ಕಂಡ ಪ್ಯಾಟ್ ಸಮ್ಮಿಟ್

ನಮ್ಮ ಕಾಲೇಜಿನಲ್ಲಿ ಇಂಜಿನಿಯರಿಂಗ್ ಮುಗಿಸಿ ನಾನು ಎಂ.ಎಸ್. ಓದಲು ಹೋದದ್ದು ಅಮೆರಿಕದ ನಾಕ್ಸ್‌ವಿಲ್‌ಗೆ, ಟೆನ್ನೆಸ್ಸೀ ವಿಶ್ವವಿದ್ಯಾಲಯಕ್ಕೆ. ಸಂಚಿಕೆಗೆ ನೆನಪು ಬರೆದು ಕೊಡಿ ಎಂದು ಸಂಪಾದಕರು ಕೇಳಿದಾಗ ಲ್ಯಾಬು, ಪ್ರಾಜೆಕ್ಟು, ಕ್ಯಾಂಟೀನು ಎಲ್ಲವೂ ಕಣ್ಣ ಮುಂದೆ ಬಂದವು. ಆದರೆ ನಾನು ಬರೆಯಬೇಕಾದದ್ದು ಪ್ಯಾಟ್ ಸಮ್ಮಿಟ್ ಅವರ ಬಗ್ಗೆ ಅನ್ನಿಸಿತು. ಇಲ್ಲಿ ಕಾಲೇಜು ಬಾಸ್ಕೆಟ್‌ಬಾಲ್ ಟೀಮಿನಲ್ಲಿ ಆಡಿದ ಹುಡುಗಿಯಾಗಿ ನಾನು ಅಲ್ಲಿಗೆ ಹೋಗಿದ್ದೆ. ಹಾಗಾಗಿ ಅವರನ್ನು ನೋಡಿದ ಕಣ್ಣು ಇಲ್ಲಿನದೇ.

ಪ್ಯಾಟ್ ಆಗ ಅಲ್ಲಿನ ಮಹಿಳಾ ಬಾಸ್ಕೆಟ್‌ಬಾಲ್ ಕೋಚ್. ಟೀಮಿನ ಹೆಸರು ಲೇಡಿ ವಾಲ್ಸ್. ನಾನು ಹೋದದ್ದು 2006ರಲ್ಲಿ. ಅಷ್ಟರಲ್ಲಿ ಅವರು ಆರು ಸಲ ರಾಷ್ಟ್ರೀಯ ಚಾಂಪಿಯನ್‌ಶಿಪ್ ಗೆದ್ದಾಗಿತ್ತು. ಕೋರ್ಟಿಗೇ ಅವರ ಹೆಸರು ಇಟ್ಟಿದ್ದರು. ಮೊದಲ ಸಲ ಥಾಂಪ್ಸನ್-ಬೋಲಿಂಗ್ ಅರೀನಾದ ಒಳಗೆ ಕಾಲಿಟ್ಟಾಗ ನಾನು ಆಟ ನೋಡಲಿಲ್ಲ, ಜನರನ್ನು ನೋಡಿದೆ. ಎಲ್ಲಿ ನೋಡಿದರೂ ಕಿತ್ತಳೆ ಬಣ್ಣ. ಅಜ್ಜಿಯರು, ಮೊಮ್ಮಕ್ಕಳು, ಟೋಪಿ ಹಾಕಿದ ರೈತರು, ಕೆಲಸ ಮುಗಿಸಿ ನೇರ ಬಂದವರು. ಹೆಣ್ಣುಮಕ್ಕಳ ಕಾಲೇಜು ಮ್ಯಾಚಿಗೆ ಇಷ್ಟು ಜನ! ನಮ್ಮ ಇಂಟರ್ ಕಾಲೇಜ್ ಫೈನಲ್‌ಗೆ ಬಂದಿದ್ದವರೆಂದರೆ ನಮ್ಮ ಗೆಳತಿಯರು ಮತ್ತು ಎದುರು ಟೀಮಿನ ಗೆಳತಿಯರು, ಅಷ್ಟೇ.

ಪ್ಯಾಟ್ ಹುಟ್ಟಿದ್ದು 1952ರಲ್ಲಿ, ಟೆನ್ನೆಸ್ಸೀಯಲ್ಲೇ. ಒಕ್ಕಲು ಮನೆತನ. ಹಸು, ಹೈನು, ಹೊಗೆಸೊಪ್ಪು. ಮೂವರು ಅಣ್ಣಂದಿರ ಜೊತೆ ಹುಲ್ಲು ಒಟ್ಟುವ ಅಟ್ಟದ ಮೇಲೆ ಬಾಸ್ಕೆಟ್‌ಬಾಲ್ ಆಡುತ್ತಾ ಬೆಳೆದರು. ಅಪ್ಪ ಬಹಳ ಗಟ್ಟಿ ಮನುಷ್ಯ. ಹುಡುಗಿ ಅಂತ ಹೊಲದ ಕೆಲಸದಲ್ಲಿ ರಿಯಾಯಿತಿ ಕೊಟ್ಟವರಲ್ಲ. ಆದರೆ ಅವರಿದ್ದ ಕಡೆಯ ಹೈಸ್ಕೂಲಿನಲ್ಲಿ ಹುಡುಗಿಯರ ಟೀಮ್ ಇಲ್ಲ ಎಂದು ಗೊತ್ತಾದಾಗ, ಮಗಳು ಆಡಲಿ ಅಂತ ಸಂಸಾರವನ್ನೇ ಪಕ್ಕದ ಊರಿಗೆ ಸಾಗಿಸಿದರು. ಅಪ್ಪನ ಈ ಎರಡೂ ಗುಣ ಮಗಳ ಕೋಚಿಂಗ್‌ನಲ್ಲಿ ಹಾಗೇ ಉಳಿದವು ಅಂತ ನನಗೆ ಅನ್ನಿಸುತ್ತದೆ.

ಅಣ್ಣಂದಿರಿಗೆ ಕಾಲೇಜಿನಲ್ಲಿ ಕ್ರೀಡಾ ಸ್ಕಾಲರ್‌ಶಿಪ್ ಸಿಕ್ಕಿತ್ತು. ಇವರ ಫೀಸು ಮಾತ್ರ ಮನೆಯವರೇ ಕಟ್ಟಿದರು. ಆಗ ಹುಡುಗಿಯರಿಗೆ ಅಂಥದ್ದೇನೂ ಇರಲಿಲ್ಲ. 1972ರಲ್ಲಿ ಟೈಟಲ್ 9 ಎಂಬ ಕಾನೂನು ಬಂತು. ಸರ್ಕಾರದ ಹಣ ಪಡೆಯುವ ಶಿಕ್ಷಣ ಸಂಸ್ಥೆಗಳಲ್ಲಿ ಹೆಣ್ಣು ಗಂಡು ಅಂತ ಭೇದ ಮಾಡುವಂತಿಲ್ಲ ಎಂದಿತು. ಅದರ ಫಲ ಕ್ರೀಡೆಗೆ ಬಂದು ಮುಟ್ಟಲು ವರ್ಷಗಳೇ ಹಿಡಿದವು. 1974ರಲ್ಲಿ ಪ್ಯಾಟ್ ನಾಕ್ಸ್‌ವಿಲ್‌ಗೆ ಬಂದದ್ದು ಎಂ.ಎಸ್. ಓದುತ್ತಾ ಸಹಾಯಕ ಕೋಚ್ ಆಗಿರೋಣ ಅಂತ. ಅಷ್ಟರಲ್ಲಿ ಮುಖ್ಯ ಕೋಚ್ ರಜೆ ಮೇಲೆ ಹೋದರು. 22 ವರ್ಷದ ಹುಡುಗಿಯ ತಲೆ ಮೇಲೆ ಇಡೀ ಟೀಮ್ ಬಂತು. ತಿಂಗಳಿಗೆ 250 ಡಾಲರ್. ವ್ಯಾನ್ ಓಡಿಸುವುದೂ ಅವರೇ, ಯೂನಿಫಾರ್ಮ್ ಒಗೆಯುವುದೂ ಅವರೇ. ಆ ಯೂನಿಫಾರ್ಮ್‌ಗಳೂ ಹಿಂದಿನ ವರ್ಷ ಡೋನಟ್ ಮಾರಿ ಕೂಡಿಸಿದ ದುಡ್ಡಿನವು. ಮೊದಲ ಮ್ಯಾಚನ್ನು ಒಂದೇ ಒಂದು ಅಂಕದಿಂದ ಸೋತರು.

ಆಗ ಕೆಲವು ಆಟಗಾರ್ತಿಯರಿಗೂ ಇವರಿಗೂ ಒಂದೇ ವರ್ಷದ ಅಂತರ. ಹಾಗಾಗಿ ಎಲ್ಲರೂ 'ಪ್ಯಾಟ್' ಅಂತಲೇ ಕರೆದರು. ಆಮೇಲೆ ಎಷ್ಟು ದೊಡ್ಡವರಾದರೂ ಅದು ಹಾಗೇ ಉಳಿಯಿತು. ಸರ್, ಮೇಡಂ ಬಿಟ್ಟು ಬಾಯಿ ತೆರೆಯದ ನನಗೆ ಹದಿನೆಂಟರ ಹುಡುಗಿಯರು ಅವರನ್ನು ಹೆಸರು ಹಿಡಿದು ಕರೆಯುವುದು ಕೇಳಿ ಮೊದಮೊದಲು ಮುಜುಗರ ಆಗುತ್ತಿತ್ತು. ಆದರೆ ಕೋರ್ಟಿನ ಪಕ್ಕ ಕೈಕಟ್ಟಿ ನಿಂತು ಅವರು ಒಂದು ಸಲ ನೋಡಿದರೆ ಸಾಕು, ಅದೇ ಹುಡುಗಿಯರು ಮುಂದಿನ ಬಾಲ್‌ಗೆ ನೆಲಕ್ಕೆ ಬಿದ್ದು ಒದ್ದಾಡುತ್ತಿದ್ದರು. ಆ ನೀಲಿ ಕಣ್ಣಿನ ನೋಟ ಊರಿಗೆಲ್ಲ ಗೊತ್ತಿತ್ತು.

ನಾನು ಸ್ಟ್ಯಾಟಿಸ್ಟಿಕ್ಸ್ ಕ್ಲಾಸ್ ಒಂದಕ್ಕೆ ಟೀಚಿಂಗ್ ಅಸಿಸ್ಟೆಂಟ್ ಆಗಿದ್ದೆ. ದೊಡ್ಡ ಹಾಲ್. ಹುಡುಗರು ಹಿಂದಿನ ಸಾಲುಗಳಿಗೇ ಮುಗಿಬೀಳುತ್ತಿದ್ದರು. ಮುಂದೆ ಮಾತ್ರ ಎತ್ತರದ ಇಬ್ಬರು ಹುಡುಗಿಯರು ಯಾವಾಗಲೂ ಕೂತಿರುತ್ತಿದ್ದರು, ಕಾಲು ಚಾಚಲು ಜಾಗ ಸಾಲದೆ ಪಕ್ಕಕ್ಕೆ ತಿರುಗಿಸಿಕೊಂಡು. ಹಿಂದಿನ ರಾತ್ರಿ ಬೇರೆ ಊರಲ್ಲಿ ಮ್ಯಾಚ್ ಆಡಿ ಬಂದಿದ್ದರೂ ಬೆಳಗ್ಗೆ ಹಾಜರು. ಒಬ್ಬಳ ಮೊಣಕಾಲಿಗೆ ಐಸ್ ಪ್ಯಾಕ್ ಕಟ್ಟಿರುತ್ತಿತ್ತು, ನೀರು ಸೋರಿ ಶೂ ಒದ್ದೆ. ಅವಳು ನೋಟ್ಸ್ ಬರೆಯುವುದು ನಿಲ್ಲಿಸುತ್ತಿರಲಿಲ್ಲ. ಆಮೇಲೆ ತಿಳಿಯಿತು, ಅದು ಪ್ಯಾಟ್ ಅವರ ನಿಯಮ. ಕ್ಲಾಸ್ ತಪ್ಪಿಸುವಂತಿಲ್ಲ, ಮೊದಲ ಮೂರು ಸಾಲಿನಲ್ಲೇ ಕೂರಬೇಕು. 38 ವರ್ಷ ಕೋಚ್ ಆಗಿದ್ದರಲ್ವಾ, ಅವರ ಕೈಕೆಳಗೆ ಪೂರ್ತಿ ಅವಧಿ ಆಡಿದ ಪ್ರತಿಯೊಬ್ಬಳೂ ಡಿಗ್ರಿ ಮುಗಿಸಿದಳು. 1,098 ಗೆಲುವಿಗಿಂತ ಇದು ನನಗೆ ದೊಡ್ಡ ಲೆಕ್ಕ.

ಪ್ರಾಕ್ಟೀಸ್‌ನಲ್ಲಿ ಕ್ಯಾಂಪಸ್‌ನ ಹುಡುಗರನ್ನು ಕರೆಸಿ ಎದುರಿಗೆ ನಿಲ್ಲಿಸುತ್ತಿದ್ದರು. ಅವರು ಎತ್ತರ, ವೇಗ, ಬಲ ಎಲ್ಲದರಲ್ಲೂ ಮುಂದು. ಅಂಥವರ ವಿರುದ್ಧ ರೀಬೌಂಡ್ (ಬುಟ್ಟಿಗೆ ಬೀಳದೆ ಪುಟಿದ ಬಾಲ್) ಹಿಡಿದವಳಿಗೆ ಮ್ಯಾಚಿನಲ್ಲಿ ಇನ್ಯಾರ ಭಯ? ನಮ್ಮಲ್ಲಿ ಹುಡುಗರ ಪ್ರಾಕ್ಟೀಸ್ ಮುಗಿದ ಮೇಲೆ ನಮಗೆ ಕೋರ್ಟ್ ಸಿಗುತ್ತಿತ್ತು. ಅಷ್ಟು ಹೊತ್ತಿಗೆ ಕತ್ತಲಾಗಿ ಹಾಸ್ಟೆಲ್ ಗೇಟ್ ಮುಚ್ಚುವ ಸಮಯ. 'ಹುಡುಗಿಯರಲ್ವಾ, ಇಷ್ಟು ಸಾಕು' ಎಂಬ ಮಾತನ್ನು ಪ್ರೀತಿಯಿಂದಲೇ ಹೇಳುತ್ತಿದ್ದರು. ಪ್ಯಾಟ್ ಅವರ ಬಾಯಲ್ಲಿ 'ಇಷ್ಟು ಸಾಕು' ಎಂಬುದೇ ಇರಲಿಲ್ಲ. ಅವರ ಕಠಿಣತೆಯಲ್ಲಿ ನನಗೆ ಕಂಡದ್ದು ಗೌರವ. ನಿನ್ನಿಂದ ಇನ್ನೂ ಆಗುತ್ತದೆ ಎಂದು ನಂಬಿದವರು ಮಾತ್ರ ಅಷ್ಟು ಕೇಳುತ್ತಾರೆ.

ಹಾಗಂತ ಎಲ್ಲವನ್ನೂ ಒಪ್ಪುತ್ತೇನೆ ಅಂತಲ್ಲ. ಹಿಂದೊಮ್ಮೆ ಹುಡುಗಿಯರು ಪಾರ್ಟಿ ಮಾಡಿದ್ದಕ್ಕೆ ಕೋರ್ಟಿನ ಮೂಲೆಗಳಲ್ಲಿ ಕಸದ ಡಬ್ಬಿ ಇಟ್ಟು, ವಾಂತಿ ಬರುವವರೆಗೂ ಓಡಿಸಿದ್ದರಂತೆ. ಅದು ಜಾಸ್ತಿಯಾಯಿತು. ಇಂದಿನ ಕೋಚ್‌ಗಳು ಹಾಗೆ ಮಾಡಬಾರದು.

ನಾನಿದ್ದಾಗ ಎರಡು ಸಲ ಕಪ್ ಬಂತು, 2007 ಮತ್ತು 2008ರಲ್ಲಿ. ಎರಡರಲ್ಲೂ ಟೀಮಿನ ತಾರೆ ಕ್ಯಾಂಡೇಸ್ ಪಾರ್ಕರ್. 2008ರಲ್ಲಿ ಫೈನಲ್ ಫೋರ್‌ಗೆ, ಅಂದರೆ ಕೊನೆಯ ನಾಲ್ಕು ಟೀಮುಗಳ ಹಂತಕ್ಕೆ, ಮುಂಚಿನ ಮ್ಯಾಚಿನಲ್ಲಿ ಆಕೆಯ ಭುಜದ ಕೀಲು ಜಾರಿತು. ಮತ್ತೆ ಕೋರ್ಟಿಗೆ ಬಂದು ಆಡಿ ಟೀಮನ್ನು ಗೆಲ್ಲಿಸಿದಳು. ಅದೇ ವರ್ಷದ ಜನವರಿಯಲ್ಲಿ ಪ್ಯಾಟ್ ತಮ್ಮ ಮನೆ ಹತ್ತಿರ ಬಂದ ರಕೂನ್ ಎಂಬ ಸಣ್ಣ ಕಾಡುಪ್ರಾಣಿಯೊಂದನ್ನು ಓಡಿಸಲು ಹೋಗಿ ತಾವೂ ಭುಜ ಜಾರಿಸಿಕೊಂಡಿದ್ದರು. ಸ್ಟ್ಯಾನ್‌ಫರ್ಡ್ ವಿರುದ್ಧ ಫೈನಲ್ ಗೆದ್ದ ರಾತ್ರಿ ಟಿ.ವಿ. ಮುಂದೆ ನಾವೆಲ್ಲ ಕೂಗಿ ಕೂಗಿ ಗಂಟಲು ಕಟ್ಟಿಕೊಂಡೆವು. ಅದು ಅವರ ಎಂಟನೆಯ ಮತ್ತು ಕೊನೆಯ ಕಪ್.

2011ರ ಆಗಸ್ಟ್‌ನಲ್ಲಿ ಸುದ್ದಿ ಬಂತು. 59ನೇ ವಯಸ್ಸಿಗೇ ಅವರಿಗೆ ಆಲ್‌ಝೈಮರ್ಸ್ ಎಂಬ ಮರೆವಿನ ಕಾಯಿಲೆ. ಯಾವ ಆಟಗಾರ್ತಿಗೆ ಯಾವ ಡಿಫೆನ್ಸ್ ಎಂದು ಕ್ಷಣದಲ್ಲಿ ಹೇಳುತ್ತಿದ್ದ ತಲೆ ಅದು. ನಾನು ಆಗ ಬೇರೆ ರಾಜ್ಯದಲ್ಲಿ ಕೆಲಸದಲ್ಲಿದ್ದೆ. ಆಫೀಸಿನಲ್ಲೇ ಅತ್ತೆ. ಅವರು ಮುಚ್ಚಿಡಲಿಲ್ಲ. ಎಲ್ಲರ ಮುಂದೆ ಹೇಳಿ, ಇನ್ನೊಂದು ಸೀಸನ್ ಕೋಚಿಂಗ್ ಮಾಡಿದರು. ಸಹಾಯಕ ಕೋಚ್‌ಗಳು ಜಾಸ್ತಿ ಹೊರೆ ಹೊತ್ತರು. 2012ರಲ್ಲಿ ಜವಾಬ್ದಾರಿಯನ್ನು ಹಾಲಿ ವಾರ್ಲಿಕ್ ಅವರಿಗೆ ಬಿಟ್ಟುಕೊಟ್ಟರು. ಹಾಲಿ ಅವರೂ ಹಿಂದೆ ಪ್ಯಾಟ್ ಅವರ ಟೀಮಿನಲ್ಲೇ ಆಡಿದವರು. ಕಾಯಿಲೆಯ ಸಂಶೋಧನೆಗೆ ಪ್ಯಾಟ್ ಅವರ ಹೆಸರಿನಲ್ಲಿ ಪ್ರತಿಷ್ಠಾನ ಶುರುವಾದಾಗ, ಕೋರ್ಟಿನಲ್ಲಿ ಅವರ ಬದ್ಧ ಎದುರಾಳಿಯಾಗಿದ್ದ ಕನೆಕ್ಟಿಕಟ್ ಕೋಚ್ ಜೀನೋ ಆರಿಯೆಮ್ಮಾ 10,000 ಡಾಲರ್ ಕೊಟ್ಟರು. 2016ರ ಜೂನ್ 28ರಂದು ಪ್ಯಾಟ್ ತೀರಿಕೊಂಡರು. 64 ವರ್ಷ.

ಈಗ ನಮ್ಮ ಕಾಲೇಜಿಗೆ ಬರುತ್ತೇನೆ. ಹುಡುಗಿಯರ ಟೀಮ್ ಇವತ್ತಿಗೂ ಕತ್ತಲಾದ ಮೇಲೆಯೇ ಪ್ರಾಕ್ಟೀಸ್ ಮಾಡುತ್ತಿದೆ ಎಂದು ಕೇಳಿದೆ. ಹಳೆಯ ವಿದ್ಯಾರ್ಥಿಗಳ ಸಂಘದ ಮುಂದೆ ಎರಡು ವಿಷಯ ಇಟ್ಟಿದ್ದೇನೆ. ಕೋರ್ಟಿಗೆ ಒಳ್ಳೆಯ ಲೈಟು, ಹುಡುಗಿಯರಿಗೇ ಅಂತ ಒಬ್ಬ ಪೂರ್ಣಾವಧಿ ಕೋಚ್. ಲೈಟಿನ ಖರ್ಚು ನನ್ನದು. ಕೋಚ್ ಸಂಬಳಕ್ಕೆ ನಮ್ಮ ಬ್ಯಾಚಿನವರು ಸೇರಬೇಕು. ಓದಿದವರು ಸಂಘದ ಕಾರ್ಯದರ್ಶಿಗೆ ಒಂದು ಫೋನ್ ಮಾಡಿ.