ಎಲುಬಿನ ಸವಕಳಿಗೆ ಸಸ್ಯದ ಔಷಧ: ಫಾರ್ಮಸಿ ಕೌಂಟರಿನಲ್ಲಿ ನಾನು ಕಲಿತದ್ದು

ಕಲಬುರಗಿಯ ಆಸ್ಪತ್ರೆಯೊಂದರಲ್ಲಿ ಫಾರ್ಮಾಸಿಸ್ಟ್ ಆಗಿರುವ ನಾನು, ಎಲುಬು-ಕೀಲು ವಿಭಾಗದ ಚೀಟಿಗೆ ಔಷಧ ಕೊಡುವಾಗ, ಚೀಟಿಯಲ್ಲಿ ಇಲ್ಲದ್ದನ್ನು ಮನೆಯಲ್ಲಿ ಏನಾದರೂ ತೆಗೆದುಕೊಳ್ಳುತ್ತಿದ್ದೀರಾ ಎಂದು ತಪ್ಪದೆ ಕೇಳುತ್ತೇನೆ. ಮುಟ್ಟು ನಿಂತ ಮೇಲೆ ಆಸ್ಟಿಯೋಪೊರೋಸಿಸ್, ಅಂದರೆ ಎಲುಬಿನ ಸವಕಳಿ, ಬಂದ ಹೆಣ್ಣುಮಕ್ಕಳಲ್ಲಿ ಅನೇಕರು ಆಗ ಯಾವುದಾದರೊಂದು ಪುಡಿ ಅಥವಾ ಕ್ಯಾಪ್ಸೂಲಿನ ಹೆಸರು ಹೇಳುತ್ತಾರೆ. ಅದನ್ನು ಒಂದೇ ಮಾತಿಗೆ ತಳ್ಳಿಹಾಕುವುದೂ ತಪ್ಪು, ಗಿಡದ್ದೆಂಬ ಕಾರಣಕ್ಕೆ ಒಪ್ಪಿಬಿಡುವುದೂ ತಪ್ಪು. ಆ ಅಂಶವನ್ನು ಯಾರ ಮೇಲೆ ಪರೀಕ್ಷಿಸಿದರು, ಪರೀಕ್ಷೆಯ ಕೊನೆಗೆ ಏನನ್ನು ಅಳೆದರು ಎಂಬುದನ್ನು ಮೊದಲು ವಿಚಾರಿಸಬೇಕು ಎಂಬುದೇ ಈ ಕೆಲಸ ನನಗೆ ಕಲಿಸಿದ ಪಾಠ.

ಎಲುಬು ಸದಾ ಕರಗುತ್ತ, ಮತ್ತೆ ಕಟ್ಟಿಕೊಳ್ಳುತ್ತ ಇರುತ್ತದೆ. ಮುಟ್ಟು ನಿಂತು ಈಸ್ಟ್ರೋಜನ್ ಎಂಬ ಹಾರ್ಮೋನು ಕಡಿಮೆಯಾದಾಗ ಕರಗಿಸುವ ಆಸ್ಟಿಯೋಕ್ಲಾಸ್ಟ್ ಕೋಶಗಳ ಕೈ ಮೇಲಾಗಿ, ಕಟ್ಟುವ ಆಸ್ಟಿಯೋಬ್ಲಾಸ್ಟ್ ಕೋಶಗಳು ಆ ವೇಗಕ್ಕೆ ಸರಿಗಟ್ಟಲಾರದೆ ಹೋಗುತ್ತವೆ. ಸೋಯಾದಲ್ಲಿರುವ ಜೆನಿಸ್ಟೀನ್ ಕೋಶಗಳಲ್ಲಿ ಈಸ್ಟ್ರೋಜನ್ ಕೂಡಿಕೊಳ್ಳುವ ಗ್ರಾಹಕಗಳಿಗೆ ಅಂಟಿಕೊಂಡು ಅದರಂತೆಯೇ ಸ್ವಲ್ಪಮಟ್ಟಿಗೆ ವರ್ತಿಸುತ್ತದೆ. ಅರಿಶಿಣದ ಕರ್ಕ್ಯುಮಿನ್ ಆಸ್ಟಿಯೋಕ್ಲಾಸ್ಟ್‌ಗಳ ಬೆಳವಣಿಗೆಯನ್ನು ತಡೆಯುವುದು ಪ್ರಯೋಗಾಲಯದ ಕೋಶಗಳಲ್ಲಿ ಕಂಡುಬಂದಿದೆ. ಆದರೆ ನಾವು ನುಂಗಿದ ಕರ್ಕ್ಯುಮಿನ್‌ನಲ್ಲಿ ರಕ್ತಕ್ಕೆ ಸೇರುವ ಪಾಲು ತೀರ ಅಲ್ಪವಾದ್ದರಿಂದ, ಗಾಜಿನ ತಟ್ಟೆಯಲ್ಲಿ ಕಂಡದ್ದು ಮನುಷ್ಯರ ಎಲುಬಿನಲ್ಲಿಯೂ ನಡೆಯುತ್ತದೆ ಎಂದು ಹೇಳುವಂತಿಲ್ಲ.

ಜೆನಿಸ್ಟೀನ್‌ನ ಕಥೆಯನ್ನು ನಾನು ಹೆಚ್ಚು ಹೇಳುತ್ತೇನೆ, ಏಕೆಂದರೆ ಅದು ಮನುಷ್ಯರ ಪರೀಕ್ಷೆಯವರೆಗೂ ಬಂದಿದೆ. 2007ರಲ್ಲಿ ಪ್ರಕಟವಾದ ಇಟಲಿಯ ಅಧ್ಯಯನದಲ್ಲಿ ದಿನಕ್ಕೆ 54 ಮಿಲಿಗ್ರಾಂನಂತೆ ಎರಡು ವರ್ಷ ತೆಗೆದುಕೊಂಡ ಮಹಿಳೆಯರ ಎಲುಬಿನ ಸಾಂದ್ರತೆ ಹೆಚ್ಚಿತು. ಆದರೆ 2011ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ ಜೆನಿಸ್ಟೀನ್ ಸೇರಿರುವ ಸೋಯಾ ಐಸೊಫ್ಲೇವೋನ್ ಗುಂಪಿನ ಅಂಶಗಳನ್ನು ದಿನಕ್ಕೆ 200 ಮಿಲಿಗ್ರಾಂನಂತೆ ಎರಡು ವರ್ಷ ಕೊಟ್ಟರೂ ಸವಕಳಿ ನಿಲ್ಲಲಿಲ್ಲ. ಇದೇ ಗುಂಪಿನ ರಚನೆಯನ್ನು ಆಧರಿಸಿ ತಯಾರಿಸಿದ ಇಪ್ರಿಫ್ಲೇವೋನ್ ಕೂಡ 2001ರಲ್ಲಿ ಪ್ರಕಟವಾದ ದೊಡ್ಡ ಪರೀಕ್ಷೆಯಲ್ಲಿ ಎಲುಬನ್ನು ಉಳಿಸಲಿಲ್ಲ, ಮೇಲಾಗಿ ಕೆಲವರಲ್ಲಿ ಲಿಂಫೊಸೈಟ್ ಎಂಬ ಬಿಳಿ ರಕ್ತಕಣಗಳನ್ನು ಕುಗ್ಗಿಸಿತು. ಇದರ ಪಕ್ಕದಲ್ಲಿ, ಎಲುಬಿನ ಸವಕಳಿಗೆ ವೈದ್ಯರು ಬರೆದುಕೊಡುವ ಅಲೆಂಡ್ರೊನೇಟ್ ಗುಳಿಗೆಯನ್ನು ಇಟ್ಟು ನೋಡಬೇಕು: ಬೆನ್ನೆಲುಬು ಮೊದಲೇ ಮುರಿದಿದ್ದ ಮಹಿಳೆಯರ ಮೇಲೆ ನಡೆದ, 1996ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಅದು ಹೊಸ ಬೆನ್ನೆಲುಬು ಮುರಿತಗಳನ್ನು ಸುಮಾರು ಅರ್ಧದಷ್ಟು ಇಳಿಸಿತು. ರೋಗಿಗೆ ಬೇಕಾಗಿರುವುದು ಸ್ಕ್ಯಾನಿನಲ್ಲಿ ಏರುವ ಅಂಕಿಗಿಂತ ಹೆಚ್ಚಾಗಿ, ಎಲುಬು ಮುರಿಯದೆ ಉಳಿಯುವುದು.

ಒಮ್ಮೆ ಅಫಜಲಪುರ ಕಡೆಯ ಹಿರಿಯ ಹೆಣ್ಣುಮಗಳೊಬ್ಬರು ಸೆರಗಿನ ಗಂಟು ಬಿಚ್ಚಿ ಒಣಗಿದ ಬಳ್ಳಿಯ ತುಂಡುಗಳನ್ನು ಕೌಂಟರಿನ ಮೇಲಿಟ್ಟರು. ನಾಲ್ಕು ಏಣು, ನಡುನಡುವೆ ಗಿಣ್ಣು. ಮಂಗರವಳ್ಳಿ ಎಂದು ನೋಡಿದ ಕೂಡಲೇ ಗೊತ್ತಾಯಿತು. "ಇದು ಎಲುಬು ಕೂಡಸ್ತದಂತ, ಗುಳಿಗಿ ಬಿಟ್ಟು ಇದನ್ನೇ ತಗೋಲೇನು?" ಎಂದು ಕೇಳಿದರು. "ಆಯಿ, ಗುಳಿಗಿ ಬಿಡಬ್ಯಾಡ್ರಿ, ಇದರ ಬಗ್ಗೆ ಡಾಕ್ಟರಿಗೂ ಹೇಳ್ರಿ" ಎಂದೆ. ಅವರು ಕೇಳಿದ್ದು ನಿರಾಧಾರವಾದ ಮಾತಲ್ಲ. 1960ರ ದಶಕದಲ್ಲಿ ಬನಾರಸ್ ಹಿಂದೂ ವಿಶ್ವವಿದ್ಯಾಲಯದ ಶಸ್ತ್ರವೈದ್ಯ ಕೆ. ಎನ್. ಉಡುಪ ಮತ್ತು ಅವರ ಸಹೋದ್ಯೋಗಿಗಳು ಇದೇ ಬಳ್ಳಿಯನ್ನು ಮುರಿದ ಎಲುಬಿನ ಕೂಡುವಿಕೆಯ ಮೇಲೆ ಪ್ರಾಣಿಗಳಲ್ಲಿ ಪರೀಕ್ಷಿಸಿದ್ದರು. ಆದರೆ ಮುರಿದ ಎಲುಬು ಬೇಗ ಕೂಡುವುದು ಒಂದು ವಿಷಯ, ವರ್ಷಗಟ್ಟಲೆ ಸವೆಯುತ್ತಿರುವ ಎಲುಬು ಮುಂದೆ ಮುರಿಯದಂತೆ ಕಾಯುವುದು ಬೇರೆಯೇ ವಿಷಯ. ಈ ಎರಡನೆಯದಕ್ಕೆ ಅಲೆಂಡ್ರೊನೇಟ್‌ಗೆ ಇರುವಂಥ ಆಧಾರ ಮಂಗರವಳ್ಳಿಗೆ ಇನ್ನೂ ಒದಗಿಲ್ಲ.

ನನ್ನನ್ನು ನಿಜವಾಗಿ ಚಿಂತೆಗೀಡುಮಾಡುವುದು ಇಂಥ ಬಳ್ಳಿಯಲ್ಲ, ಲೇಬಲ್ಲೂ ಹೆಸರೂ ಇಲ್ಲದೆ ಸಂತೆಯಲ್ಲಿ ಮಾರುವ, ಎರಡೇ ದಿನದಲ್ಲಿ ಮೊಣಕಾಲು ನೋವು ಮಾಯ ಮಾಡುವ ಪುಡಿ. ಇಂಥವುಗಳಲ್ಲಿ ಸ್ಟೀರಾಯ್ಡ್ ಬೆರೆಸಿದ ಪ್ರಕರಣಗಳು ನಮ್ಮ ದೇಶದಲ್ಲಿ ಪತ್ತೆಯಾಗಿವೆ; ಬಹುಕಾಲ ನುಂಗಿದ ಸ್ಟೀರಾಯ್ಡ್ ತಾನೇ ಎಲುಬನ್ನು ಟೊಳ್ಳು ಮಾಡುತ್ತದೆ. ಸಂಶಯ ಬಂದರೂ ಅದನ್ನು ಒಮ್ಮೆಲೇ ನಿಲ್ಲಿಸಬಾರದು, ಪೊಟ್ಟಣದ ಸಮೇತ ವೈದ್ಯರನ್ನು ಕಾಣಬೇಕು.

ಆಹಾರದ ಮಾತು ಬಂದಾಗ ಮಾತ್ರ ನಾನು ಯಾವ ಅಳುಕೂ ಇಲ್ಲದೆ ಹೇಳುತ್ತೇನೆ. ನಮ್ಮ ಜೋಳದ ರೊಟ್ಟಿಯಲ್ಲಿ ಕ್ಯಾಲ್ಸಿಯಂ ಕಡಿಮೆ, ರಾಗಿಯಲ್ಲಿ ಅದರ ಹತ್ತುಪಟ್ಟಿಗೂ ಹೆಚ್ಚು. ಎಳ್ಳಮಾಸಿಗೆ ಎಳ್ಳು ಹಚ್ಚಿ ಮಾಡುವ ಸಜ್ಜಿ ರೊಟ್ಟಿಯನ್ನು ಹಬ್ಬದಾಚೆಗೂ ಮಾಡಿ, ಜೊತೆಗೆ ಮೊಸರು ಸೇರಿಸಿದರೆ ಒಳ್ಳೆಯದು. ಸೋಯಾ ಊಟದಲ್ಲಿದ್ದರೆ ತೊಂದರೆಯಿಲ್ಲ, ಆದರೆ ಸ್ತನ ಕ್ಯಾನ್ಸರ್ ಆಗಿದ್ದವರು ಅದರ ಕ್ಯಾಪ್ಸೂಲನ್ನು ವೈದ್ಯರನ್ನು ಕೇಳದೆ ತೆಗೆದುಕೊಳ್ಳಬಾರದು. ಥೈರಾಯ್ಡ್ ತೊಂದರೆಗೆ ಥೈರಾಕ್ಸಿನ್ ಗುಳಿಗೆ ನುಂಗುವವರು ಅದಕ್ಕೂ ಕ್ಯಾಲ್ಸಿಯಂ ಗುಳಿಗೆಗೂ ನಡುವೆ ಕನಿಷ್ಠ ನಾಲ್ಕು ಗಂಟೆ ಅಂತರವಿಡಬೇಕು. ವಾರಕ್ಕೊಮ್ಮೆಯ ಅಲೆಂಡ್ರೊನೇಟ್ ಅನ್ನು ಬೆಳಗ್ಗೆ ಬರಿಹೊಟ್ಟೆಯಲ್ಲಿ ಒಂದು ಲೋಟ ತುಂಬ ಬರಿ ನೀರಿನೊಂದಿಗೆ ನುಂಗಿ, ಅರ್ಧ ಗಂಟೆ ಮಲಗದೆ, ಚಹಾ ಸಹ ಕುಡಿಯದೆ ಇರಬೇಕು.