ಆ ಇಂಜೆಕ್ಷನ್‌ನಿಂದ ಕಣ್ಣು ಹೋಗುತ್ತಾ?

ನಾನು ಕಣ್ಣಿನ ಡಾಕ್ಟರ್ ಅಂತ ಗೊತ್ತಾದ ಕೂಡಲೇ ಈಗೀಗ ಎಲ್ಲರೂ ಕೇಳುವುದು ಇದೊಂದೇ: "ಶುಗರ್‌ಗೆ, ತೂಕ ಇಳಿಸೋದಕ್ಕೆ ವಾರಕ್ಕೊಂದು ಇಂಜೆಕ್ಷನ್ ಕೊಡ್ತಾರಲ್ಲ, ಅದರಿಂದ ಕಣ್ಣು ಹೋಗುತ್ತಂತೆ, ಹೌದಾ?" ಒಜೆಂಪಿಕ್, ವೆಗೋವಿ ಹೆಸರಲ್ಲಿ ಸಿಗುವ ಸೆಮಾಗ್ಲುಟೈಡ್ ಬಗ್ಗೆ ಈ ಮಾತು.

ನಾನು ತಿರುಗಿ ಕೇಳುತ್ತೇನೆ: ಕಣ್ಣಿಗೆ ಡ್ರಾಪ್ಸ್ ಹಾಕಿಸಿಕೊಂಡು ರೆಟಿನಾ, ಅಂದರೆ ಕಣ್ಣಿನ ಹಿಂಭಾಗದ ಪರದೆ, ತೋರಿಸಿ ಎಷ್ಟು ದಿನವಾಯಿತು? ಶುಗರ್ ಇರುವವರೂ ಅಲ್ಲಿಗೆ ಸುಮ್ಮನಾಗುತ್ತಾರೆ.

ವರ್ಷಗಟ್ಟಲೆ ಶುಗರ್ ಜಾಸ್ತಿ ಇದ್ದವರ ರೆಟಿನಾದ ಸಣ್ಣ ರಕ್ತನಾಳಗಳು ಗೊತ್ತಿಲ್ಲದೆಯೇ ಹಾಳಾಗಿರಬಹುದು. ಅಂಥವರಲ್ಲಿ ಶುಗರ್ ದಿಢೀರನೆ ಇಳಿದರೆ ಆ ತೊಂದರೆ ಮೊದಮೊದಲು ಹೆಚ್ಚಾಗುವುದುಂಟು. ವಿಚಿತ್ರ, ಅಲ್ವಾ? 2016ರಲ್ಲಿ ಪ್ರಕಟವಾದ ಸಸ್ಟೇನ್-6 ಅಧ್ಯಯನದಲ್ಲಿ ಸೆಮಾಗ್ಲುಟೈಡ್ ಪಡೆದ ಶೇ. 3 ಜನರಿಗೆ ರೆಟಿನಾ ತೊಂದರೆ ಕಂಡಿತ್ತು. ಔಷಧಿಯಿಲ್ಲದ ಖಾಲಿ ಇಂಜೆಕ್ಷನ್ ಪಡೆದವರಲ್ಲಿ ಶೇ. 1.8. ಇನ್ಸುಲಿನ್ ಕೊಟ್ಟು ಬೇಗ ಶುಗರ್ ಇಳಿಸಿದಾಗಲೂ ಹೀಗಾಗುವುದು ನಮಗೆ ಹಳೆಯ ಸಂಗತಿ. ಹಾಗಂತ ಶುಗರ್ ಇಳಿಸದೆ ಬಿಡುವುದು ಕಣ್ಣಿಗೆ ಇನ್ನೂ ಕೆಟ್ಟದ್ದು. ಶುಗರ್ ಇರುವವರು ಮೊದಲ ಡೋಸ್‌ಗೆ ಮುಂಚೆಯೇ ರೆಟಿನಾ ತೋರಿಸಿಬಿಡಿ, ಅಷ್ಟೇ.

ಜನ ಹೆದರಿರುವುದು ಇನ್ನೊಂದಕ್ಕೆ: ಎನ್‌ಎಐಒಎನ್. ಕಣ್ಣಿನ ನರಕ್ಕೆ ರಕ್ತ ಸಾಲದೆ, ನೋವೇ ಇಲ್ಲದೆ, ಸಾಮಾನ್ಯವಾಗಿ ಒಂದು ಕಣ್ಣು ಮಂಜಾಗುತ್ತದೆ. ಹೋದ ದೃಷ್ಟಿಯನ್ನು ಖಚಿತವಾಗಿ ಮರಳಿ ತರುವ ಚಿಕಿತ್ಸೆ ಇಲ್ಲ. 2024ರಲ್ಲಿ ಬಾಸ್ಟನ್‌ನ ಅಧ್ಯಯನವೊಂದು ಸೆಮಾಗ್ಲುಟೈಡ್ ಜೊತೆ ಇದರ ನಂಟನ್ನು ತೋರಿಸಿದಾಗ ಗದ್ದಲವೆದ್ದಿತು. 2025ರ ಜೂನ್‌ನಲ್ಲಿ ಯುರೋಪಿನ ಔಷಧಿ ನಿಯಂತ್ರಣ ಸಂಸ್ಥೆಯ ಸಮಿತಿ ಇದನ್ನು 'ತೀರಾ ಅಪರೂಪದ' ಅಡ್ಡಪರಿಣಾಮಗಳ ಸಾಲಿಗೆ ಸೇರಿಸಲು ಹೇಳಿತು. ಹೆಚ್ಚೆಂದರೆ 10,000 ಜನರಲ್ಲಿ ಒಬ್ಬರಿಗೆ. ಶುಗರ್, ಬಿಪಿ, ನಿದ್ದೆಯಲ್ಲಿ ಉಸಿರು ಕಟ್ಟುವುದು ಇವೂ ಈ ಅಪಾಯವನ್ನು ಹೆಚ್ಚಿಸುತ್ತವೆ. ಈ ಔಷಧಿ ಬೇಕಾಗುವವರೂ ಹೆಚ್ಚಾಗಿ ಅವರೇ ನೋಡಿ! ಹಾಗಾಗಿ ಯಾವುದರ ಪಾಲು ಎಷ್ಟು ಅಂತ ಬಿಡಿಸಿ ಹೇಳುವುದು ಕಷ್ಟ.

ಎರಡೂ ಕಣ್ಣು ಸ್ವಲ್ಪ ಮಸುಕಾದರೆ ಅದು ಬೇರೆ ಕಥೆ ಇರಬಹುದು. ಶುಗರ್ ಏರಿಳಿದಾಗ ಕಣ್ಣಿನ ಲೆನ್ಸ್ ಆಕಾರವೂ ತುಸು ಬದಲಾಗುತ್ತದೆ. ಪರೀಕ್ಷೆ ಮಾಡಿಸಿ, ಆದರೆ ಕೆಲವು ವಾರ ಹೊಸ ಕನ್ನಡಕ ಮಾಡಿಸಬೇಡಿ, ಸುಮ್ನೆ ದುಡ್ಡು ದಂಡ. ಟೋಪಿರಾಮೇಟ್ ಎಂಬ ಔಷಧಿ ಇರುವ, ತೂಕ ಇಳಿಸುವ ಮಾತ್ರೆ ನುಂಗುವವರಿಗೆ ಕಣ್ಣು ನೋವು, ದೃಷ್ಟಿ ಮಂಜು ಬಂದರೆ ಮಾತ್ರ ಕಾಯುವಂತಿಲ್ಲ. ಕಣ್ಣಿನ ಒತ್ತಡ ಏಕಾಏಕಿ ಏರಿರಬಹುದು.

ಒಂದು ಕಣ್ಣು ಮಂಜಾದರೆ ಇನ್ನೊಂದು ಅದನ್ನು ಮುಚ್ಚಿಹಾಕುತ್ತದೆ. ಅದಕ್ಕೇ ಬೆಳಿಗ್ಗೆ ಎದ್ದಾಗ ಒಂದೊಂದೇ ಕಣ್ಣು ಮುಚ್ಚಿ ಗೋಡೆಯ ಗಡಿಯಾರ ನೋಡಿ ಅನ್ನುತ್ತೇನೆ. ವ್ಯತ್ಯಾಸ ಕಂಡರೆ ಅವತ್ತೇ ಬನ್ನಿ. ಮುಂದಿನ ಡೋಸ್ ಡಾಕ್ಟರ್ ಹತ್ತಿರ ಮಾತಾಡಿದ ಮೇಲೆ.